ಡ್ರಮ್ಮಿನಲ್ಲಿ ಅದ್ದಿದ ಕೈ

ಭತ್ತಕ್ಕೆ ಔಷಧಿ ಹೊಡೆಯುವ ದಿನ ಅಂಜನಾಪುರದ ನಮ್ಮ ಮನೆಯಲ್ಲೊಂದು ಪದ್ಧತಿಯಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡ ಗಂಡಸರಿಗೆ ಮಧ್ಯಾಹ್ನ ಒಂದು ಹೆಂಟೆ ಬೆಲ್ಲ, ಚೊಂಬು ತುಂಬ ಮಜ್ಜಿಗೆ. ಒಳಗೆ ಹೋದ ನಂಜನ್ನು ಅದು ತೊಳೆಯುತ್ತದೆಂಬ ನಂಬಿಕೆ. ಔಷಧಿ ಕಲಸುವವರಿಗೆ ಏನೂ ಇಲ್ಲ. ಕಲಸುವವಳು ನಾನು. ಕೋಲಿನಲ್ಲಿ ತಿರುಗಿಸಿದರೆ ಸರಿಯಾಗಿ ಬೆರೆಯುವುದಿಲ್ಲವೆಂದು ಅತ್ತೆಯ ಹಟ. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಮೂರು ವರ್ಷ ಮೊಣಕೈವರೆಗೆ ಕೈಯನ್ನು ಡ್ರಮ್ಮಿಗೆ ಇಳಿಸಿ ಕಲಸಿದ್ದೇನೆ. ಬಾಟಲಿಯ ಗಟ್ಟಿ ಔಷಧಿ ಎಲ್ಲರಿಗಿಂತ ಮೊದಲು ಮುಟ್ಟುತ್ತಿದ್ದುದು ನನ್ನ ಚರ್ಮವನ್ನು. ಆದರೂ ಲೆಕ್ಕಕ್ಕೆ ನಾನು ಬರೀ ಕಲಸಿದವಳು.

ಒಮ್ಮೆ ಕಲಸಿ ಮುಗಿಸುವಷ್ಟರಲ್ಲಿ ತಲೆ ಸುತ್ತಿ, ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡೆ. ಬಿಸಿಲಿಗೆ ಹಾಗಾಗುತ್ತದೆ ಎಂದರು. ಆನವಟ್ಟಿಯ ತವರಿಗೆ ಹೋದಾಗ ಅವ್ವ ಬಿಡಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಮಜ್ಜಿಗೆ ಕುಡಿದರೆ ಹೋಗುತ್ತದೆಯೇ ಎಂದು ಕೇಳಿದೆ. ಬಾಯಾರಿಕೆ ಹೋಗುತ್ತದೆ ಎಂದರು ಡಾಕ್ಟರು. ಚರ್ಮದಿಂದ ಒಳಗಿಳಿದ ವಿಷವನ್ನು ಲಿವರ್ ನೀರಿನಲ್ಲಿ ಕರಗುವಂತೆ ಬದಲಾಯಿಸಬೇಕು, ಆಮೇಲೆ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕಬೇಕು, ಕೆಲವೊಂದು ಪಿತ್ತದೊಂದಿಗೆ ಮಲದಲ್ಲಿ ಹೋಗುತ್ತವೆ. ಹಾಗೆ ಬದಲಾಗುವಾಗಲೇ ಇನ್ನಷ್ಟು ಕೆಟ್ಟದ್ದಾಗುವ ವಿಷಗಳೂ ಇವೆಯಂತೆ. ಇದೆಲ್ಲ ನಡೆಯುವುದು ಅದರದೇ ಗತಿಯಲ್ಲಿ, ಬೆಲ್ಲ ತಿಂದರೆ ಬೇಗ ಆಗುವುದಿಲ್ಲ.

"ತೊಳೆಯೋದು ಲಿವರಿನ ಕೆಲಸ ಸರಿ ಕಣಮ್ಮ. ಹಿಂದಿಂದು ಹೋಗೋದರೊಳಗೆ ನೀನು ಮತ್ತೆ ತುಂಬಿದ್ರೆ ಅದಾದರೂ ಎಷ್ಟೂಂತ ತೊಳೀಬೇಕು?" ಎಂದು ಅವರು ಕೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕೆಂಡದಂಥ ಸಿಟ್ಟು. ನನ್ನೊಳಗೊಂದು ಅಂಗ ಮೂರು ವರ್ಷ ಬಾಯಿ ಮುಚ್ಚಿಕೊಂಡು ಗೇದಿದೆ, ಅದರ ಪರವಾಗಿ ನಾನು ಒಂದು ಮಾತೂ ಆಡಿರಲಿಲ್ಲ. ಮಕ್ಕಳನ್ನು ಹೆರಬೇಕಾದ ಮೈ ಇದು. ಯಾರು ಏನೇ ಅನ್ನಲಿ, ಇನ್ನು ಆ ಡ್ರಮ್ಮಿಗೆ ಬರಿಗೈ ಇಳಿಸುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಮುಂದಿನ ಸಲ ಡ್ರಮ್ಮಿನ ಎದುರು ಕೈಕಟ್ಟಿ ನಿಂತೆ. ಉದ್ದನೆಯ ಗ್ಲೌಸು, ಒಂದು ಕೋಲು ತರುವವರೆಗೆ ಕಲಸುವುದಿಲ್ಲ ಎಂದೆ. ಅತ್ತೆ ಮುಖ ಗಂಟಿಕ್ಕಿದರು. ತಾವೂ ಇದೇ ಡ್ರಮ್ಮಿನಲ್ಲಿ ಕಲಸಿದವರು, ತಮ್ಮ ಕೈಯೇನು ಉದುರಿ ಬಿದ್ದಿಲ್ಲ, ಇದೆಲ್ಲ ಓದಿದವರ ಸೊಕ್ಕು ಎಂದರು. ಸೊಕ್ಕೆಂದೇ ತಿಳಿಯಿರಿ ಎಂದು ನಾನೂ ಹೇಳಿದೆ. ಪಂಪು ಹೊತ್ತ ಆಳುಗಳು ಕಾಯುತ್ತಿದ್ದರು. ಅವರೆದುರು ಮಾನ ಹೋಯಿತೆಂದು ನನ್ನ ಗಂಡ ಬಾಟಲಿ ಬಗ್ಗಿಸಿ, ಅಂಗಿಯ ತೋಳು ಮಡಚಿ, ತಾನೇ ಕಲಸಲು ಬಾಗಿದ.

ಅತ್ತೆ ಓಡಿಬಂದು ಮಗನ ರಟ್ಟೆ ಹಿಡಿದರು. "ಬ್ಯಾಡಪಾ, ಬರಿಗೈ ಹಾಕಬ್ಯಾಡ. ವಿಷ ಐತಿ ಅದು."

ತಾವು ಅಂದದ್ದು ಅತ್ತೆಗೆ ತಡವಾಗಿ ಅರಿವಾಗಿರಬೇಕು, ತಲೆ ತಗ್ಗಿಸಿದರು. ನಾನು ನನ್ನ ಬಲಗೈಯನ್ನು ಅವರ ಮುಂದೆ ಚಾಚಿದೆ.

"ಮೂರು ವರ್ಷ ಇದನ್ನ ಏನಂತ ತಿಳಿದಿದ್ರಿ, ಅತ್ತೆ?"