ಅಯಿಕೊರು ಮೇಡಂ ಪಾಠ ನೋಡಲು ಬಂದರು

ಅರುವಾ ಪಟ್ಟಣದಾಚೆಯ ಆ ಪ್ರಾಥಮಿಕ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದ ಅಯಿಕೊರು ಫಿಲೊಮಿನಾ ತಮ್ಮ ಕೋಣೆಯಲ್ಲಿ ಕೂತದ್ದೇ ಕಡಿಮೆ. ಹಿಂದಿದ್ದವರು ಕಿಟಕಿಯಿಂದ ಇಣುಕಿ ಹೋಗುತ್ತಿದ್ದರು. ಈಕೆ ಒಳಗೇ ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂರುತ್ತಿದ್ದರು. ಶಿಕ್ಷಕರಿಗೆ ಅದು ಕಾವಲು ಕೂತಂತೆ ಕಂಡಿತು. ಹಾಗಾಗಿ ಮೇಡಂ ತಾವೇ ಒಂದು ಕಟ್ಟಳೆ ಮಾಡಿದರು: ತಾವು ಯಾರ ತರಗತಿ ನೋಡಬೇಕೋ ಆ ಶಿಕ್ಷಕರು ಮೊದಲು ಮೇಡಂ ಪಾಠ ನೋಡಿ ತಪ್ಪು ಹೇಳಬೇಕು.

ಒಂದೊಮ ಎಂಬ ಮೇಷ್ಟ್ರು ಮೂರನೇ ತರಗತಿಯ ತೊಂಬತ್ತು ಮಕ್ಕಳಿಗೆ ಗಣಿತ ಹೇಳುತ್ತಿದ್ದವರು, ಇಪ್ಪತ್ತೇಳು ವರ್ಷದ ಅನುಭವಿ. ಮಕ್ಕಳಿಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎಂದು ಇನ್‌ಸ್ಪೆಕ್ಟರು ಎರಡು ಸಲ ಬರೆದಿದ್ದರು. ಮೂರನೇ ಸಲಕ್ಕೆ ಕೆಲಸಕ್ಕೇ ಸಂಚಕಾರ. ಬರೀ ಮಾತಾಡುತ್ತಾರೆ, ಕೇಳಿಸಿಕೊಳ್ಳುವುದಿಲ್ಲ ಎಂದು ಕಿರಿಯ ಶಿಕ್ಷಕ ಅಚಿದ್ರಿ ಅವರಿಗೆ ‘ರೇಡಿಯೊ’ ಎಂದು ಹೆಸರಿಟ್ಟಿದ್ದ.

ಮೇಡಂ ಪಾಠ ನೋಡಿದ ಮೇಷ್ಟ್ರು ಮುಲಾಜಿಲ್ಲದೆ ಹೇಳಿದರು: “ನೀವು ಬೋರ್ಡಿಗೆ ಪಾಠ ಮಾಡ್ತೀರಿ ಮೇಡಂ. ಮುಖ ಆ ಕಡೆ ಮಾಡಿದ್ರೆ ಯಾರಿಗೆ ತಿಳಿಯುತ್ತೆ?”

ಮೇಡಂಗೆ ಚುರುಕ್ಕೆಂದಿತು, ಆದರೂ ಬರೆದುಕೊಂಡರು. ಮರುದಿನ ಅವರ ತರಗತಿಗೆ ಹೋದರು. ಮೇಷ್ಟ್ರು ಕಡಲೆಕಾಯಿ ಬೀಜ ಹರಡಿ ಭಾಗಾಕಾರ ಹೇಳಿಕೊಟ್ಟ ಚೆಂದಕ್ಕೆ ಬೆರಗಾದರು. ಮೇಡಂ ಇದ್ದಾರೆಂದೋ ಏನೋ, ಮೇಷ್ಟ್ರು ಕೊನೆಗೆ ಒಂದು ಪ್ರಶ್ನೆ ಕೇಳಿದರು: ಇಪ್ಪತ್ನಾಲ್ಕನ್ನು ಮೂರು ಜನಕ್ಕೆ ಹಂಚಿದರೆ? ಒಬ್ಬ ಹುಡುಗಿ ಮೆಲ್ಲಗೆ “ಏಳು” ಎಂದಳು. “ಸರಿ, ಕೂತ್ಕೊ,” ಎಂದರು ಮೇಷ್ಟ್ರು. ಯಾವ ಮಗುವೂ ನಗಲಿಲ್ಲ. ತಾವು ಹೇಳಿದ್ದಕ್ಕೆಲ್ಲ ಮೇಷ್ಟ್ರು ‘ಸರಿ’ ಎನ್ನುವುದು ಅವರಿಗೆಲ್ಲ ರೂಢಿಯಾಗಿತ್ತು.

ಶಾಲೆ ಬಿಟ್ಟ ಮೇಲೆ ಮಾವಿನ ಮರದಡಿ ನಿಂತಿದ್ದ ಮೇಷ್ಟ್ರನ್ನು ಮೇಡಂ ಬೆನ್ನ ಹಿಂದಿನಿಂದ ಎರಡು ಸಲ ಕರೆದರು. ಅವರು ತಿರುಗಲಿಲ್ಲ. ಮೇಡಂ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು ಕೇಳಿದರು.

“ಎಷ್ಟು ದಿನದಿಂದ ಮೇಷ್ಟ್ರೇ, ಕಿವಿ ಕೇಳಿಸ್ತಿಲ್ಲ?”

ಮೇಷ್ಟ್ರು ನೆಲ ನೋಡಿದರು. “ನಾಲ್ಕು ವರ್ಷ ಆಯ್ತು. ಮೇಲಿನವರಿಗೆ ಬರೆದು ಕಳಿಸಿಬಿಡಿ ಮೇಡಂ. ಊರಿಗೆ ಹೋಗಿ ಮರಗೆಣಸು ನೆಟ್ಕೊಂಡಿರ್ತೀನಿ.”

“ಮರಗೆಣಸು ನೆಡೋರು ಬೇಕಾದಷ್ಟು ಜನ ಇದಾರೆ. ಭಾಗಾಕಾರ ಹೀಗೆ ಹೇಳಿಕೊಡೋರು ನಮ್ಮಲ್ಲಿ ಇನ್ನೊಬ್ರಿಲ್ಲ.”

ಆ ವಾರವೇ ಮೇಡಂ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಬಲಗಿವಿ ಔಷಧಿಗೆ ಒಂದಿಷ್ಟು ತೆರೆಯಿತು, ಎಡಗಿವಿ ಹೋದದ್ದು ಹೋದದ್ದೇ. ಬರುವ ದಾರಿಯಲ್ಲಿ ಮೇಷ್ಟ್ರೇ ಒಂದು ಉಪಾಯ ಹೇಳಿದರು: ಕಣ್ಣು ಚೆನ್ನಾಗಿದೆಯಲ್ಲ, ಮಕ್ಕಳು ಉತ್ತರ ಬರೆದು ತೋರಿಸಲಿ. ಶನಿವಾರ ಇಬ್ಬರೂ ಕೂತು ಹಳೇ ಬ್ಯಾಟರಿಗಳ ಕರಿಪುಡಿಯನ್ನು ಗಂಜಿಯಲ್ಲಿ ಕಲಸಿ ರಟ್ಟಿನ ತುಂಡುಗಳಿಗೆ ಬಳಿದು, ಸೀಮೆಸುಣ್ಣದಲ್ಲಿ ಬರೆಯುವ ಪುಟ್ಟ ಹಲಗೆಗಳನ್ನು ಮಾಡಿದರು. ಮೊಣಕೈವರೆಗೆ ಕಪ್ಪಾಗಿ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಕೆಲವು ತಿಂಗಳ ಮೇಲೆ ಇನ್‌ಸ್ಪೆಕ್ಟರು ಬಂದಾಗ ತೊಂಬತ್ತು ರಟ್ಟುಗಳು ಒಟ್ಟಿಗೆ ಮೇಲೆದ್ದವು. ಯಾರ ಲೆಕ್ಕ ತಪ್ಪಿದೆಯೆಂದು ಮೇಷ್ಟ್ರಿಗೆ ಒಂದೇ ನೋಟಕ್ಕೆ ತಿಳಿಯಿತು. ತಪ್ಪಿದವರ ಬಳಿ ಹೋಗಿ ಬೀಜ ಹರಡಿಕೊಂಡು ಕೂತರು. ಇನ್‌ಸ್ಪೆಕ್ಟರು ಈ ಸಲ ಬರೆದದ್ದೇ ಬೇರೆ.

ಇದನ್ನು ಉಳಿದ ಶಿಕ್ಷಕರಿಗೂ ತೋರಿಸಿಕೊಡಿ ಎಂದು ಮೇಡಂ ಎರಡು ಸಲ ಕೇಳಿದರೂ ಮೇಷ್ಟ್ರು ಒಪ್ಪಿರಲಿಲ್ಲ. ಕೊನೆಗೊಂದು ದಿನ ಶಿಕ್ಷಕರ ಸಭೆಯಲ್ಲಿ ತಾವಾಗಿಯೇ ಎದ್ದು ನಿಂತು, ಮೊದಲು ತಮ್ಮ ಕಿವಿಯ ಸಂಗತಿ ಹೇಳಿದರು. ಅಚಿದ್ರಿ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಎದ್ದು ಮೇಷ್ಟ್ರ ಬಲಗಡೆಗೆ ಬಂದು ನಿಂತು, ರಟ್ಟಿಗೆ ಬಳಿಯುವ ಬಣ್ಣಕ್ಕೆ ಗಂಜಿ ಎಷ್ಟು ಗಟ್ಟಿ ಇರಬೇಕು ಎಂದು ಕೇಳಿದ.