ತಗಡಿನ ಆಚೆ ಓರಗಿತ್ತಿ

ಬಾಟಲಿ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಎದುರುಬದುರು ಕೂತು ದುಡಿದ ಇಬ್ಬರು ಓರಗಿತ್ತಿಯರ ನಡುವೆ, ಮಾತು ನಿಲ್ಲಲೆಂದು, ಆಡಳಿತದವರು ತಗಡಿನ ಗೋಡೆ ನಿಲ್ಲಿಸಿದರು.

ಬೆಳಕು ಹರಿಯುವ ಹೊತ್ತು. ಹಿರಿಯ ಓರಗಿತ್ತಿ, ಇಡೀ ಪಾಳಿಯ ಬಾಯಲ್ಲಿ ದೊಡ್ಡಕ್ಕ, ಬಿಳಿ ದೀಪದ ಮುಂದೆ ಕೂತಿದ್ದಾರೆ. ಔಷಧಿ ಬಾಟಲಿಗಳು ಸಾಲಾಗಿ ಸರಿದು ಬರುತ್ತಿವೆ. ಕೂದಲೆಳೆಯಷ್ಟು ಬಿರುಕು ಕಂಡರೂ ಕೈ ತಾನಾಗಿ ಮುಂದೆ ಹೋಗಿ ಬಾಟಲಿಯನ್ನು ಡಬ್ಬಕ್ಕೆ ಹಾಕುತ್ತದೆ. ನಿಮ್ಮ ಕೆಮ್ಮಿನ ಔಷಧದಲ್ಲಿ ಗಾಜಿನ ಚೂರು ಇಲ್ಲದಿದ್ದರೆ ಅದು ಇವರ ಕಣ್ಣಿನ ಕೃಪೆ.

"ಮೊದ್ಲು ಮಾತಾಡ್ತಾನೇ ನೋಡ್ತಿದ್ವಿ. ಅತ್ತೇನ ಬೈಯೋದು ಅರ್ಧಕ್ಕೆ ನಿಲ್ಸಿ ಒಡಕು ಬಾಟ್ಲಿ ಎತ್ತೋದು, ಆಮೇಲೆ ಅಲ್ಲಿಂದ್ಲೇ ಶುರು. ಬಾಟ್ಲಿನೂ ತಪ್ಪಿಸ್ಕೊಳ್ಲಿಲ್ಲ, ಅತ್ತೆನೂ ತಪ್ಪಿಸ್ಕೊಳ್ಲಿಲ್ಲ" ಎಂದು ನಗುತ್ತಾರೆ.

ಗೋಡೆ ಬಂದ ಮೇಲೆ ದೊಡ್ಡಕ್ಕನಿಗೆ ಕಣ್ಣು ತೆರೆದೇ ತೂಕಡಿಕೆ. ಒಂದು ಒಡಕು ಬಾಟಲಿ ಕೈತಪ್ಪಿ ಮುಂದೆ ಹೋಯಿತು. ಯಾಕೆಂದು ಮೇಲ್ವಿಚಾರಕ ಗದರಿದಾಗ "ಬೇಜಾರು ಸಾರ್" ಎಂದರು. ಅಷ್ಟಕ್ಕೇ ಕಂಪನಿಯ ಲೆಕ್ಕದಲ್ಲಿ ರೋಗಿಯಾದರು. ಕಾಯಿಲೆ, ತೀರದ ಬೇಸರ. ಮದ್ದು, ಆಸ್ಪತ್ರೆಗೆ ದಾಖಲಿಸದೆ ಕೊಡುವ ತೀವ್ರ ಚಿಕಿತ್ಸೆ: ವಾರದಲ್ಲಿ ನಾಲ್ಕು ದಿನ, ಪಾಳಿ ಮುಗಿಸಿ ಬಂದು ಮೂರು ತಾಸು ಗುಂಪಿನಲ್ಲಿ ಕೂರುವುದು, ಮನಸ್ಸು ಬಿಚ್ಚುವುದು, ಮನೆಗೆ ಹೋಗುವುದು. ಖರ್ಚೆಲ್ಲ ಕಂಪನಿಯದು.

ಅನುಮಾನ ಹುಟ್ಟುವುದೇ ಇಲ್ಲಿ. ಸ್ಟೂಲಿಗೊಂದು ದಿಂಬು ಕೇಳಿದರೆ ಮುಖ ತಿರುಗಿಸುವವರು ಮನಸ್ಸಿನ ಮದ್ದಿಗೆ ಇಷ್ಟು ಧಾರಾಳವಾದದ್ದು ಯಾಕೆ? ಚಿಕಿತ್ಸೆಯನ್ನು ಹಳಿಯುವಂತಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಏನೂ ಬೇಡವಾಗಿದ್ದ ಟೈಲರ್ ಒಬ್ಬರು ಅದೇ ಗುಂಪಿನಲ್ಲಿ ಚೇತರಿಸಿಕೊಂಡು ಮತ್ತೆ ಮಷಿನ್ ತುಳಿಯುತ್ತಿದ್ದಾರೆ. ಆದರೆ ಅವರ ಬೇಸರ ಯಾರೋ ತಗಡು ಹೊಡೆದು ತಂದದ್ದಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎನ್ನುತ್ತಾರೆ ಗೋಡೆಯಾಚೆಯ ಕಿರಿಯ ಓರಗಿತ್ತಿ. "ಬರೆ ಎಳೀಬೇಕಾದ್ದು ಈ ತಗಡಿಗೆ. ಅಕ್ಕನ ಜೊತೆ ಜಗಳ ಆಡ್ದೆ ನಂಗೂ ಊಟ ಸೇರ್ತಿಲ್ಲ."

ಚಿಕಿತ್ಸೆಯ ಕೊನೆಯ ದಿನ. ಕುರ್ಚಿಗಳು ದುಂಡಗೆ ಕೂತಿವೆ. ಚಿಕಿತ್ಸಕಿಯದು ಮೆಲುದನಿ: "ಬೇಸರ ನನ್ನೊಳಗೇ ಇತ್ತು, ಈಗ ಹೋಯ್ತು ಅಂತ ಎಲ್ಲರ ಮುಂದೆ ಹೇಳಿಬಿಡಿ. ಗುಣ ಆಗಿದೆ ಅಂತ ಕಂಪನಿಗೆ ತಿಳಿಸ್ತೀನಿ." ತಿಳಿಸದಿದ್ದರೆ ನಾಳೆ ಗೇಟಿನೊಳಗೆ ಬಿಡುವುದಿಲ್ಲ. ಅದು ಚಿಕಿತ್ಸಕಿಗೂ ಗೊತ್ತು, ದೊಡ್ಡಕ್ಕನಿಗೂ ಗೊತ್ತು.

ದೊಡ್ಡಕ್ಕ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ.

"ಹೇಳಲ್ಲ ಮೇಡಂ. ತೂಕಡಿಸ್ತಾ ಒಂದು ಒಡಕು ಬಾಟ್ಲಿ ಮುಂದೆ ಬಿಟ್ಟೆ. ಈ ಮಾತೂ ಒಡಕೇ. ಎಚ್ಚರ ಇದ್ದು ಇನ್ನೊಂದು ಬಿಡಲ್ಲ."