ಅಂಗಳ ನಿಜಕ್ಕೂ ಡೊಂಕಿತ್ತು

"ವಯಸ್ಸಿನ ಕಾರಣ ಪ್ರತಿಕ್ರಿಯೆ ಅಸಹಜ." ಈ ಸಾಲನ್ನು ಟೈಪ್ ಮಾಡಿದ್ದು ನನ್ನ ಕೈಯೇ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಅರ್ಧ ಉರಿ ನಮ್ಮ ಸಾಹೇಬರ ಮೇಲೆ, ಇನ್ನರ್ಧ ನನ್ನ ಮೇಲೆಯೇ.

ಪುಣೆಯಲ್ಲಿ ನನ್ನ ಕೆಲಸ ವಿಮಾನದ ಸಿಮ್ಯುಲೇಟರಿನದು. ಆರು ಕಾಲುಗಳ ಮೇಲೆ ನಿಂತ ಒಂದು ಕೋಣೆ, ಒಳಗೆ ಪೈಲಟ್ ಕುರ್ಚಿ, ಎದುರಿಗೆ ಆಕಾಶದ ಚಿತ್ರ. ಕೋಣೆ ಅಲುಗಿದಾಗ ಪೈಲಟ್‌ನ ಮೈಗೆ ಏನು ತಿಳಿಯುತ್ತದೆ, ಕೈ ಯಾವಾಗ, ಎಷ್ಟು ಚಲಿಸುತ್ತದೆ ಎಂಬುದನ್ನು ಗಣಿತಕ್ಕೆ ಇಳಿಸುವುದು ನನ್ನ ಪಾಲು. ಕೋಣೆ ವಿಮಾನದ ಹಾಗೆ ದೂರ ಹೋಗಲಾರದು. ಒಂದು ತಳ್ಳು ಕೊಟ್ಟು, ಪೈಲಟ್‌ಗೆ ಗೊತ್ತಾಗದಂತೆ ಕಳ್ಳಹೆಜ್ಜೆಯಲ್ಲಿ ಮೊದಲಿನ ಜಾಗಕ್ಕೆ ಮರಳಬೇಕು. ಮರಳಿದ್ದು ಗೊತ್ತಾಯಿತೋ, ಆಟ ಕೆಟ್ಟಿತು.

ಪರೀಕ್ಷೆಗೆ ಹತ್ತು ತರುಣ ಪೈಲಟ್‌ಗಳು ಕೂತರು. ಪರದೆಯ ಮೇಲೆ ಅವರ ಕೈಚಲನೆಯ ಗೆರೆಗಳೆಲ್ಲ ಒಂದರ ಮೇಲೊಂದು ಕೂತವು. ಹನ್ನೊಂದನೆಯವರು ಧಾರವಾಡದ ಕಡೆಯ ಹಿರಿಯ ಪೈಲಟ್, ವರ್ಷಗಟ್ಟಲೆ ನಿಜವಾದ ವಿಮಾನ ಹಾರಿಸಿ ಈಗ ನಮ್ಮಲ್ಲಿ ಶಿಕ್ಷಕರಾದವರು, ಸಾಸವಡದಿಂದ ಸ್ಕೂಟರಿನಲ್ಲಿ ಬರುತ್ತಿದ್ದವರು. ನಾನು ಮಾರ್ಕೆಟ್ ಯಾರ್ಡ್ ಹತ್ತಿರದ ಕನ್ನಡ ಮನೆಯವಳೆಂದು ತಿಳಿದ ದಿನದಿಂದ ನನಗೆ ಕಾಕಾ. ಅವರು ಕಲಿಸುತ್ತಿದ್ದದ್ದು ಹೊರಗಿನ ಮೇಜಿನಿಂದ. ಈ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅವರ ಗೆರೆ ಮಾತ್ರ ಪ್ರತಿ ತಳ್ಳಿನ ನಂತರ ಒಮ್ಮೆ ಉಲ್ಟಾ ಜಿಗಿಯುತ್ತಿತ್ತು.

"ತಂಗಿ, ನಿಮ್ಮ ಕುರ್ಚಿ ಸುಳ್ಳ ಹೇಳ್ತದ," ಎಂದರು ಇಳಿದು ಬಂದು. "ಮುಂದ ನೂಕಿ, ಆಮ್ಯಾಲೆ ಹಿಂದ ಜಗ್ಗತದ. ವಿಮಾನ ಹಂಗ ಜಗ್ಗಂಗಿಲ್ಲ."

ಸಾಹೇಬರಿಗೆ ಹೇಳಿದೆ. ಅವರು ನಕ್ಕು ಮರಾಠಿಯಲ್ಲಿ, "ನಾಚತಾ ಯೇಈನಾ, ಅಂಗಣ ವಾಕಡೆ," ಎಂದರು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ; ನಮ್ಮಲ್ಲೂ ಇರುವ ಗಾದೆಯೇ. ಆ ಗೆರೆ ತೆಗೆದುಹಾಕು, ಕಾರಣ ವಯಸ್ಸು ಎಂದು ಬರೆ ಎಂದರು. ಬರೆದೆ. ವರದಿ ಕಪಾಟಿನಲ್ಲಿ ಧೂಳು ತಿನ್ನುತ್ತದೆ ಎಂದುಕೊಂಡಿದ್ದೆ. ಅದು ತರಬೇತಿ ವಿಭಾಗಕ್ಕೆ ಹೋಯಿತು. ಮುಂದಿನ ವಾರವೇ ಕಾಕಾ ಅವರನ್ನು ಮೇಜಿನಿಂದ ಎಬ್ಬಿಸಿದರು.

ಆಮೇಲೆ ನನಗೆ ಬುದ್ಧಿ ಬಂತು. ತರುಣರ ಫಾರಂಗಳನ್ನು ತೆಗೆದು ನೋಡಿದರೆ, ಹತ್ತೂ ಜನ ಕಲಿತದ್ದು ಇದೇ ಕುರ್ಚಿಯಲ್ಲಿ! ಇದರ ಸುಳ್ಳಿಗೆ ಅವರ ಮೈ ಎಂದೋ ಒಗ್ಗಿಹೋಗಿತ್ತು. ಎದುರಿನ ಆಕಾಶದ ಚಿತ್ರ ಬಂದ್ ಮಾಡಿ, ಕಣ್ಣು ಮುಚ್ಚಿ ನಾನೇ ಕೂತೆ. ವಿಮಾನ ಹಾರಿಸಿ ಗೊತ್ತಿಲ್ಲದ ನನ್ನ ಹೊಟ್ಟೆಗೂ ಆ ಜಗ್ಗು ತಿಳಿಯಿತು.

ಹೋಗಿ ಹೇಳಿದಾಗ ಸಾಹೇಬರು ಈ ಸಲ ನಗಲಿಲ್ಲ. ಕುರ್ಚಿಯನ್ನು ಸದ್ದಿಲ್ಲದೆ ಸರಿಮಾಡು, ಹೋದ ವರದಿಯನ್ನು ಮುಟ್ಟಬೇಡ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಕಾಕಾ ಹಿಡಿದುಕೊಟ್ಟ ತಪ್ಪನ್ನು ತಿದ್ದಿಕೊಂಡು, ಕಾಗದದ ಮೇಲೆ ಕಾಕಾ ಅವರನ್ನೇ ತಪ್ಪೆಂದು ಉಳಿಸುವ ಈ ಜಾಣತನಕ್ಕೆ ನಾಚಿಕೆಗೇಡು ಎನ್ನದೆ ಇನ್ನೇನನ್ನಲಿ? ಅಷ್ಟು ಉರಿದವಳು ಆಗಲೂ ಬಾಯಿ ಮುಚ್ಚಿಕೊಂಡು ಕುರ್ಚಿ ಸರಿಮಾಡಿದೆ.

ತಮ್ಮ ಕಾಗದಪತ್ರ ಒಯ್ಯಲು ಕಾಕಾ ಬಂದ ದಿನ ಎಲ್ಲ ಹೇಳಿಬಿಟ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನೇರ ಹೋಗಿ ಕುರ್ಚಿಯಲ್ಲಿ ಕೂತರು. ಯಂತ್ರ ಶುರು ಮಾಡಿದೆ. ಗೆರೆ ಎಲ್ಲೂ ಜಿಗಿಯಲಿಲ್ಲ.

"ಈಗ ಖರೇ ಹೇಳಾಕತ್ತದ," ಎಂದರು. ಆಮೇಲೆ ಗೆರೆಯ ಕಡೆ ಬೆರಳು ತೋರಿಸಿ, "ವಯಸ್ಸಾತು ಅಂತ ಎಲ್ಲೆ ಬರದಿ, ಅಲ್ಲೇ ಇದನ್ನೂ ಬರಿಯವ್ವಾ."

ಆ ಗೆರೆಯನ್ನು ಲಗತ್ತಿಸಿ, ಸಾಹೇಬರನ್ನು ಕೇಳದೆ, ತರಬೇತಿ ವಿಭಾಗಕ್ಕೆ ಪತ್ರ ಬರೆದೆ: ಅಸಹಜವಾಗಿದ್ದದ್ದು ಕುರ್ಚಿ, ಅವರಲ್ಲ, ಸುಳ್ಳು ಬರೆದವಳು ನಾನು. ಕೆಳಗೆ ಸಹಿ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ. ಕಾಕಾ ಅವರ ಮೇಜಿನ ಮುಂದೆ ಈಗ ಕೂತು ಕಲಿಸುತ್ತಿರುವವನು, ಆ ಜಗ್ಗು ಗೊತ್ತೇ ಆಗದಿದ್ದ ಹತ್ತು ಜನರಲ್ಲಿ ಒಬ್ಬ.